ಚಿಂದಿಯ ಮೇಲಿನ ಕಾಜಾ

ಕೌಲ್ ಬಜಾರಿನಾಗೆ ನಳ ಬಂದ ದಿನ
ಕೊಡ ನಂದೇ, ಕೈ ನಂದಲ್ಲ.
ರಾತ್ರಿಯೆಲ್ಲ ಯಾರೋ ಗೆಣ್ಣು ಗೆಣ್ಣಿಗೆ
ಗಂಜಿ ಹಾಕಿ ಒಣಗಿಸಿದಂಗೆ,
ಬಿಸಿಲೇರೋತನಕ ಮಡಚಂಗಿಲ್ಲ.
ಮಗಳು ಮುಬೀನಾ ಎದುರಿಗೆ ಕೂತು
ನನ್ನ ಕುಪ್ಪಸದ ಹುಕ್ಕು ಹಾಕ್ತಾಳೆ,
ಕಣ್ಣು ಗೋಡೆ ಮ್ಯಾಲಿಟ್ಟು.

ಹದಿನಾರು ವರ್ಷ ಕಾಜಾ ಮಿಷನ್ನು.
ಪ್ಯಾಂಟಿಗೆ ಒಂದೇ ಕಾಜಾ,
ದಿನಕ್ಕೆ ಸಾವಿರದ ಮುನ್ನೂರು ಪ್ಯಾಂಟು.
ಲೆಕ್ಕ ನೀವೇ ಹಾಕ್ಕಳ್ರಿ.
ತಲೆ ದುಂಡಗೆ, ಬಾಲ ನೆಟ್ಟಗೆ,
ನಡುವೆ ಚಕ್ಕಂತ ಬ್ಲೇಡು,
ಕಿತ್ತಳೆ ದಾರ.

ದೊಡ್ಡಾಸ್ಪತ್ರೆಯ ಡಾಕ್ಟರ್ ಅಂಬುಜಾ
ಹುಮನಾಬಾದಿನ ಹುಡುಗಿ.
"ಥಂಡಿ ಅಲ್ಲ, ವಾತ ಅಲ್ಲ, ಯಾರ ಕಣ್ಣೂ ಅಲ್ಲ.
ಜೀವಕಣದ ಮೈಮ್ಯಾಲ ಗ್ರಾಹಕ ಅಂತ ಇರ್ತಾವ" ಅಂದಳು.
ನಗು ಬಂತು ನನಗೆ.
ಗ್ರಾಹಕ ಅಂದ್ರೆ ಗಿರಾಕಿ, ಗಿರಾಕಿ ಗೊತ್ತಿಲ್ಲೇನು?
ಹಬ್ಬದ ಮುಂದೆ ಇಡೀ ಲಾಟು ವಾಪಸು ಕಳಿಸಿ
ನಮ್ಮ ಬಟವಾಡೆ ನಿಲ್ಲಿಸಿದ ಇಂದೋರಿನವನು!
"ಅಂಥಾ ಗಿರಾಕಿ ಅಲ್ಲವ್ವ" ಅಂತ ತಾನೂ ನಕ್ಕು
ಚೀಟಿ ಮಗುಚಿ ಹಿಂದೆ ಬರೆದಳು
ಒಂದು ದುಂಡು,
ದುಂಡಿನ ಮೈತುಂಬ ಸಣ್ಣ ಸಣ್ಣ ಬಾಯಿ.

ರಕ್ತದಾಗೆ ಸುದ್ದಿಯೊಂದು ತಿರುಗ್ತೈತಂತೆ.
ಬಾಯಿಗೆ ಬಂದು ಕೂತರೆ ಒಳಗೆ ಕೂಗು:
ಕಳ್ಳ ಬಂದ, ಏಳ್ರಿ, ಏಳ್ರಿ.
ಕಳ್ಳ ಬಂದಾಗ ಅದು ಒಳ್ಳೇ ಕೂಗು.
ನನ್ನ ಕೀಲಿನಾಗೆ ಕಳ್ಳ ಇಲ್ಲ,
ಕೂಗು ನಿಂತಿಲ್ಲ, ಅಷ್ಟೆ.
ಕೂಗಿದ ಕಣ ಮತ್ತಷ್ಟು ಸುದ್ದಿ ಹಡೀತೈತೆ,
ಓಣಿಯಿಂದ ಓಣಿಗೆ,
ಬಡಿಗೆ ಹಿಡಿದು ಬಂದವರು
ನನ್ನ ಮನೆಯ ಬಾಗಿಲನ್ನೇ ಬಡಿಯೋತನಕ.

ಸುಮ್ಮನೆ ನೋಡಿದೆ ಆ ಚಿತ್ರ.
"ಇವು ಬಾಯಲ್ಲಮ್ಮ, ಕಾಜಾ.
ನೀನು ಸುದ್ದಿ ಅಂತೀಯಲ್ಲ, ಅದು ಗುಂಡಿ."
ಗುಂಡಿ ಕೂತಾಗ ಟಕ್ ಅನ್ನೋದು
ಕಿವಿಗಲ್ಲ, ಬೆರಳಿಗೆ ಕೇಳ್ತೈತೆ.
ಆಕೆ ಪೆನ್ನು ಕೆಳಗಿಟ್ಟಳು.

ಒಂದು ಸೂಜಿಮದ್ದು ಐತಂತೆ.
ಗುಂಡಿ ಕಿತ್ತೆಸೆಯಂಗಿಲ್ಲ, ಕಾಜಾ ಹೊಲಿದು ಮುಚ್ಚಂಗಿಲ್ಲ.
ಅದೇ ಒಂದು ಕಾಜಾ,
ಯಾವ ಕಣಕ್ಕೂ ಸೇರದ್ದು.
ತೇಲ್ತಾ ತೇಲ್ತಾ ಗುಂಡಿ ಹಿಡಕೊಂತೈತೆ,
ಕೂಗು ಎಬ್ಬಿಸಾಕೆ ಅದರ ಹಿಂದೆ ಮನೆ ಇಲ್ಲ.

ಚೀಲದಾಗೆ ಕೈ ಹಾಕಿದೆ.
ಲಾಟು ಶುರು ಮಾಡೋ ಮುಂದೆ ಚಿಂದಿ ಮ್ಯಾಲೆ ಹೊಡೆದು ನೋಡ್ತೀವಿ,
ನೂಲು ಬಿಗಿಯೋ ಸಡಿಲೋ ಅಂತ.
ನೀಲಿ ತುಂಡು, ಒಂಬತ್ತು ಕಾಜಾ,
ಪ್ಯಾಂಟೇ ಇಲ್ಲದವು.
"ಇಂಥಾವೇನು?"
ಬಹಳ ಹೊತ್ತು ಹಿಡಕೊಂಡಿದ್ದಳು.
ವಾಪಸು ಕೊಡಲಿಲ್ಲ, ಕೋಟಿನ ಜೇಬಿಗೆ ಹಾಕ್ಕೊಂಡಳು.

ಮೊದಲು ಎದೆಯ ಫೋಟೋ ತೆಗೆಸಿದರು.
ಕೂಗೇ ಅಡಗಿಸಿಬಿಟ್ರೆ
ಖರೇ ಕಳ್ಳ ಬಂದ್ರೂ ಯಾರೂ ಏಳಂಗಿಲ್ಲ.
ಹಳೇ ಕ್ಷಯ ಒಳಗೆ ಮಲಗಿದ್ರೆ ಕಷ್ಟ ಅಂತ.
ಸೂಜಿಯ ಡಬ್ಬಿ ಈಗ ಈರಮ್ಮನ ಸೋಡಾ ಅಂಗಡಿ ಫ್ರಿಜ್ಜಿನಾಗೆ,
ನಿಂಬೆಹಣ್ಣಿನ ಮಗ್ಗುಲಿಗೆ.
ಕರೆಂಟು ಹೋದ್ರೆ ಇಬ್ಬರಿಗೂ ಡವಡವ.
ವಾರಕ್ಕೊಂದು ಅಂದಿದ್ದರು,
ದುಡ್ಡು ಹದಿನೈದು ದಿನಕ್ಕೊಂದು ಅಂತೈತೆ.

ಮೇಸ್ತ್ರಿ ವನ್ನೂರಸ್ವಾಮಿ ಕೆಟ್ಟವನಲ್ಲ.
ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸಾಕೆ ಕೂಡಿಸ್ಯಾನೆ.
ಕತ್ತರಿಗೂ ಬೆರಳು ಬೇಕಪ್ಪಾ ಅಂತ
ಇನ್ನೂ ಹೇಳಿಲ್ಲ.
ಸಂಜೆಗೆ ಗುಡಿಸೋ ಹುಡುಗ ಚಿಂದಿ ಗುಡ್ಡೆ ಮಾಡ್ತಾನೆ,
ನೂರಾರು ಕಾಜಾ, ಬಾಯಿ ತೆರಕೊಂಡು.
ಅವನ್ನ ತುಳಿದು ಹೋಗಾಕೆ ಆಗಂಗಿಲ್ಲ ಈಗ,
ಸುತ್ತು ಹಾಕಿ ಹೋಗ್ತೀನಿ.

ಕೆಲವು ದಿನ ಮುಷ್ಟಿ ಮುಕ್ಕಾಲು ಮುಚ್ತೈತೆ.
ಇವತ್ತು ಮುಬೀನಾ ಬಂದು ಕೂತಾಗ
ತಡಿ ಅಂದೆ.
ಎರಡು ಹುಕ್ಕು ನಾನೇ ಹಾಕಿದೆ.
ಮೂರನೇದಕ್ಕೆ ಅವಳು ಗೋಡೆ ಕಡೆ ತಿರುಗಲಿಲ್ಲ,
ನನ್ನ ಬೆರಳನ್ನೇ ನೋಡ್ತಾ ಕೂತಳು.
ನಳದ ನೀರು ತುಂಬಿ
ಕೊಡದಿಂದ ಚೆಲ್ಲಾಕತ್ತಿತ್ತು.